ಎಡೆಗೆ ಇಟ್ಟ ಕ್ಯಾಸೆಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಅಳುಮುಂಜಿ. ಟಿ.ವಿ. ಧಾರಾವಾಹಿಯಲ್ಲಿ ಹೆಣ್ಣು ಒಪ್ಪಿಸಿಕೊಡುವ ದೃಶ್ಯ ಬಂದರೆ ಹೆಂಡತಿಗಿಂತ ಮೊದಲು ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೇನೆ. ಹುಡುಗನ ಕಡೆಯವರು ಕರೆದರೋ ಹುಡುಗಿಯ ಕಡೆಯವರು ಕರೆದರೋ ನೆನಪಿಲ್ಲದ ಮದುವೆಗಳಲ್ಲೂ ಅತ್ತು, ಆಮೇಲೆ ಊಟಕ್ಕೆ ಕೂತಿದ್ದೇನೆ. ನಾಲ್ಕು ವರ್ಷ ನನ್ನ ರಜೆ ಅರ್ಜಿಗಳನ್ನೆಲ್ಲ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ನಿವೃತ್ತರಾದ ದಿನ, ವಂದನಾರ್ಪಣೆಗೆ ಎದ್ದವನು "ಮಾನ್ಯರೇ" ಎನ್ನುವಷ್ಟರಲ್ಲಿ ಬಿಕ್ಕಿ ಅತ್ತು ಕೂತುಬಿಟ್ಟೆ. ಕೊನೆಗೆ ಆ ಮನುಷ್ಯನೇ ಗಾಬರಿಯಾಗಿ ತಮ್ಮ ಹಾರ ತೆಗೆದಿಟ್ಟು ಬಂದು ನನ್ನ ಬೆನ್ನು ಸವರಿದರು. ಇಂಥ ನಾನು, ಸ್ವಂತ ಅಪ್ಪ ತೀರಿಕೊಂಡಾಗ ಹತ್ತು ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ.

ನನ್ನ ಖ್ಯಾತಿ ನೆಂಟರಿಗೆಲ್ಲ ಗೊತ್ತಿದ್ದದ್ದರಿಂದ ಭದ್ರಾವತಿಯ ಅಪ್ಪನ ಮನೆಯಲ್ಲಿ ದೊಡ್ಡ ಏರ್ಪಾಡೇ ಆಗಿತ್ತು. ನನ್ನನ್ನು ಹಿಡಿದುಕೊಳ್ಳಲು ಇಬ್ಬರು ಗಟ್ಟಿಮುಟ್ಟಾದವರು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಇನ್ನೊಬ್ಬರು ನೀರಿನ ಚೊಂಬು ಹಿಡಿದಿದ್ದರು. ಶಿವಮೊಗ್ಗದ ಬಸ್ಸಿಳಿದು ಬಂದ ನಾನು, ಶಾಮಿಯಾನದವರಿಗೆ ಹೇಳಿದ್ದೀರಾ ಎಂದು ಕೇಳಿದೆ. ಚೊಂಬಿನ ನೀರನ್ನು ಅವರೇ ಕುಡಿದರು. ಅಪ್ಪನ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಇದೊಂದು ಕಾಯಿಲೆ ಎಂದು ಅಲ್ಲೇ ತೀರ್ಮಾನಿಸಿದರು. "ಅಳು ಒಳಗೇ ಕೂತ್ಬಿಟ್ರೆ ಎದೆಗೆ ಬರುತ್ತೆ ಕಣ್ರೇ. ಹನ್ನೊಂದನೇ ದಿನದೊಳಗೆ ಪರಮೇಶಿನ ಹೇಗಾದ್ರೂ ಮಾಡಿ ಅಳ್ಸಿ" ಎಂದು ಅಪ್ಪಣೆಯಾಯಿತು. ಅಪ್ಪನ ಚಪ್ಪಲಿಯನ್ನು ತಂದು ನನ್ನ ಕಣ್ಣೆದುರಿಗೇ ಇಟ್ಟರು. ಎಡಗಾಲಿನದರ ಬಾರು ಕಿತ್ತಿತ್ತು. ತೆಗೆದುಕೊಂಡು ಹೋಗಿ ಹೊಲಿಸಿಕೊಂಡು ಬಂದೆ. ಈರುಳ್ಳಿ ರಾಶಿಯ ಮುಂದೆ ಕೂರಿಸಿದರು, ಕನ್ನಡಕ ಕಾಪಾಡಿತು. ಅಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ್ದ ಪಕ್ಕದ ಮನೆಯ ಸೆಲ್ವಣ್ಣ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತು, "ನನ್ನ ನೋಡು ತಂಬಿ, ಹಿಂಗೆ ಅಳ್ಬೇಕು" ಎಂದು ತಾವೇ ಅತ್ತು ತೋರಿಸಿದರು. ನಾನು ಅವರಿಗೆ ಕರ್ಚೀಫು ಕೊಟ್ಟೆ.

ನೀವು ನಗಬಹುದು. ನನಗೆ ಮಾತ್ರ ಒಳಗೊಳಗೇ ಭಯವಾಗಿತ್ತು. ಅಪ್ಪನ ಪಾಲಿನ ಕಣ್ಣೀರನ್ನೆಲ್ಲ ಆ ಸೂಪರಿಂಟೆಂಡೆಂಟರ ಮೇಲೆ ಸುರಿದುಬಿಟ್ಟೆನೇನೋ ಅನ್ನಿಸುತ್ತಿತ್ತು. ಅಪ್ಪ ಎಂದರೆ ನನಗೆ ಪ್ರಾಣ. ಆ ಪ್ರೀತಿ ಎಂಥದು ಎಂದು ಹೇಳಬೇಕಾದರೆ ಹೊಟ್ಟೆಯಲ್ಲಿ ಹಲ್ಲು ಬಂದವನ ಕಥೆಯಿಂದ ಶುರು ಮಾಡಬೇಕು.

ಅಪ್ಪ ಕಾರ್ಖಾನೆಯ ಫೌಂಡ್ರಿಯಲ್ಲಿ ಅಚ್ಚು ಮಾಡುತ್ತಿದ್ದ. ಪೆಟ್ಟಿಗೆಯೊಳಗೆ ಮರಳು ತುಂಬಿ, ಅದರಲ್ಲಿ ಆಕಾರ ಮೂಡಿಸಿ, ಕಾದ ಲೋಹ ಹೊಯ್ಯುವುದಕ್ಕೆ ಅಣಿ ಮಾಡುವ ಕೆಲಸ. ಎಡಗೈ ತೋರುಬೆರಳಿನ ಅರ್ಧ ಅಲ್ಲೇ ಹೋಗಿತ್ತು. ಉಳಿದ ಅರ್ಧವನ್ನು ಮೂಗಿನ ಹೊಳ್ಳೆಗೆ ಒತ್ತಿಕೊಂಡು, ಇಡೀ ಬೆರಳು ಮಿದುಳಿನವರೆಗೆ ಇಳಿದಿದೆ ಎಂಬಂತೆ ಕಣ್ಣು ತೇಲಿಸಿ ಬೀದಿಯ ಮಕ್ಕಳನ್ನೆಲ್ಲ ಹೆದರಿಸುತ್ತಿದ್ದ. ನಿವೃತ್ತನಾದ ಮೇಲೆ ಕ್ಯಾಸೆಟ್ ಹಾಕಿ ಪಿಚ್ಚರು ನೋಡುವ ಒಂದು ವಿಸಿಪಿ ಕೊಂಡ. ಪ್ರತಿ ಭಾನುವಾರ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯ ನಜೀರ್ ಸಾಹೇಬರ ಅಂಗಡಿಯಿಂದ ಕ್ಯಾಸೆಟ್ ತೆಗೆದುಕೊಂಡು ಭದ್ರಾವತಿ ಬಸ್ಸು ಹತ್ತುತ್ತಿದ್ದೆ. ಅಪ್ಪನಿಗೆ ಹಿಡಿಸುತ್ತಿದ್ದದ್ದು ಒಂದೇ ಜಾತಿಯ ಪಿಚ್ಚರು. ಯಾವುದೋ ದೇಶದಲ್ಲಿ ನಾಲ್ಕು ಜನ ಸ್ನೇಹಿತರು ಒಂದು ಕಾರ್ ಶೆಡ್ಡು, ಎರಡು ಬಲ್ಬು, ಹತ್ತು ಬಕೆಟ್ ಕೆಂಪು ನೀರು ಇಟ್ಟುಕೊಂಡು ತೆಗೆದ ಇಂಗ್ಲಿಷ್ ಚಿತ್ರಗಳು. ಅವುಗಳಲ್ಲಿ ಮನುಷ್ಯನ ಮೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಬ್ಬನ ಕಿವಿ ಬೆಳೆದೂ ಬೆಳೆದೂ ಬಾಗಿಲಿಗೆ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಬ್ಬನ ಹೊಟ್ಟೆಗೆ ಹಲ್ಲು ಮೂಡಿ ಅಂಗಿಯ ಗುಂಡಿಗಳನ್ನು ತಿಂದು ಹಾಕುತ್ತಿತ್ತು. ಹೆದರಿಸಲು ತೆಗೆದದ್ದೋ ನಗಿಸಲು ತೆಗೆದದ್ದೋ ತೆಗೆದವರಿಗೇ ಖಾತ್ರಿ ಇದ್ದಂತಿರಲಿಲ್ಲ. "ಸಾರ್, ನಿಮ್ಮ ತಂದೆ ಬಿಟ್ರೆ ಇದಕ್ಕೆ ಗಿರಾಕಿನೇ ಇಲ್ಲ, ಕಸಮ್ ಸೇ" ಎಂದು ಆಣೆ ಹಾಕುತ್ತಿದ್ದರು ನಜೀರ್ ಸಾಹೇಬರು.

ಅಪ್ಪ ನೋಡುತ್ತಿದ್ದದ್ದು ಕಥೆಯನ್ನಲ್ಲ, ಕೆಲಸವನ್ನು. ರಬ್ಬರಿನ ತಲೆಯೊಂದು ಉರುಳಿ ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದ. "ಕಣ್ಣು ಬಿಡೋ ಪರಮೇಶಿ. ಕಿವಿ ಹಿಂದೆ ಗೆರೆ ಕಾಣ್ತಿದೆ ನೋಡು. ಅಚ್ಚಿನ ಎರಡು ಪೆಟ್ಟಿಗೆ ಸರಿಯಾಗಿ ಕೂರಿಸಿಲ್ಲ ಕಳ್ಳ ನನ್ಮಗ. ನಮ್ಮ ಫೌಂಡ್ರೀಲಾಗಿದ್ರೆ ವಾಪಸ್ ಕಳಿಸ್ತಿದ್ರು." ಗೆರೆ ಕಂಡಿತು ಎಂದರೆ ನನ್ನ ಭಯ ಹೋಗುತ್ತಿತ್ತು, ನಗು ಬರುತ್ತಿತ್ತು. ಬೆರಳು ಉದುರುವ ದೃಶ್ಯ ಬಂದರಂತೂ ತನ್ನ ಮೋಟು ಬೆರಳು ಎತ್ತಿ, "ನಮ್ದು ಒಂದೇ ಟೇಕಿಗೆ ಓಕೆ ಆಗಿತ್ತು" ಎನ್ನುತ್ತಿದ್ದ. ಅಮ್ಮ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಬೋಂಡ ಕರಿಯುತ್ತ, "ಥೂ, ತಿನ್ನೋ ಹೊತ್ತಲ್ಲಿ ಎಂಥದೋ ಇದು" ಎಂದು ಅಲ್ಲಿಂದಲೇ ಬೈಯುತ್ತಿದ್ದಳು.

ಅಪ್ಪನ ಅಚ್ಚುಮೆಚ್ಚಿನದಕ್ಕೆ ಅವನೇ 'ಮಂಡಿ ಹೆಂಡ್ತಿ' ಎಂದು ಹೆಸರಿಟ್ಟಿದ್ದ. ಹೆಂಡತಿ ಸತ್ತವನೊಬ್ಬನ ಮಂಡಿಯಲ್ಲಿ ಒಂದು ಗಂಟು ಎದ್ದು, ಅದು ದಿನೇ ದಿನೇ ಅವಳ ಮುಖವಾಗುತ್ತದೆ. ಮುಖವಾದ ಮೇಲೆ ಬಾಯಿ ಸುಮ್ಮನಿರುತ್ತದೆಯೇ. ಅವನು ಗಡ್ಡ ಕೆರೆದುಕೊಳ್ಳುವ ರೀತಿ ಸರಿಯಿಲ್ಲ ಎಂದು ಕೆಳಗಿನಿಂದ ಜಗಳ ಶುರು. ಅವಳಿಗೆ ಗಾಳಿ ಬೆಳಕು ಬೇಕೆಂದು ಅವನು ಪ್ಯಾಂಟಿಗೆ ತೂತು ಮಾಡುತ್ತಾನೆ. ಕೊನೆಯಲ್ಲಿ ಒಬ್ಬ ಡಾಕ್ಟರು ಗರಗಸ ಹಿಡಿದು ಬಂದರೆ ಇವನು ಬೇಡ ಎಂದು ಕೈ ಅಡ್ಡ ಹಿಡಿಯುತ್ತಾನೆ. ಅಲ್ಲಿ ಏನು ಹೇಳುತ್ತಾನೋ ನಮಗೆ ಗೊತ್ತಿಲ್ಲ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ಆಫೀಸಿನ ಇಂಗ್ಲಿಷು, ಆ ಚಿತ್ರಗಳಲ್ಲಿ ಯಾರೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಕಿರುಚುತ್ತಿರಲಿಲ್ಲ. ಹಾಗಾಗಿ ಎಲ್ಲರ ಮಾತನ್ನೂ ಅಪ್ಪನೇ ಕನ್ನಡದಲ್ಲಿ ಆಡುತ್ತಿದ್ದ. ಆ ಜಾಗಕ್ಕೆ ಅವನು ಹಾಕಿದ ಮಾತು ಇದು: "ಬೇಡ ಬಿಡಿ ಡಾಕ್ಟ್ರೇ, ಇರ್ಲಿ. ಮೆಟ್ಲು ಹತ್ತುವಾಗ ಸ್ವಲ್ಪ ನೋಯುತ್ತೆ, ಅಷ್ಟೇ."

ತೀರಿಕೊಳ್ಳುವ ಮುಂಚಿನ ಭಾನುವಾರಕ್ಕೆ ಅಪ್ಪ ಅದನ್ನೇ ಮತ್ತೆ ತಾ ಎಂದಿದ್ದ. ಆ ವಾರ ಡಾಕ್ಟರು ಅವನನ್ನು ಪರೀಕ್ಷಿಸಿ, ಎದೆಗೆ ಆಯಾಸ ಮಾಡಿಕೊಳ್ಳಬೇಡಿ ಎಂದಿದ್ದರು. ನಾನು ಗುಮಾಸ್ತ. ಆದೇಶದಲ್ಲಿ ಇಲ್ಲದ್ದನ್ನೂ ಸೇರಿಸಿ ಜಾರಿ ಮಾಡುವುದು ನನ್ನ ಕಸುಬು. ಆಯಾಸದಲ್ಲಿ ನಗುವೂ ಸೇರುತ್ತದೆ ಎಂದು ನಾನೇ ವ್ಯಾಖ್ಯಾನ ಮಾಡಿಕೊಂಡು ಒಂದು ಭಕ್ತಿಪ್ರಧಾನ ಚಿತ್ರ ಒಯ್ದೆ. ಅಪ್ಪ ಸ್ವಲ್ಪ ಹೊತ್ತು ಮರ್ಯಾದೆಗೆ ನೋಡಿದ. ಆಮೇಲೆ, "ಇದರಲ್ಲಿ ಯಾರದ್ದೂ ತಲೆ ಬೀಳಲ್ವೇನೋ?" ಎಂದ.

"ಬೀಳುತ್ತಪ್ಪ, ಕೊನೇಲಿ ಒಬ್ಬ ರಾಕ್ಷಸಂದು."

"ಹಂಗಾದ್ರೆ ಆಗ ಎಬ್ಸು."

ಅಷ್ಟು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋದ. ರಾಕ್ಷಸನ ತಲೆ ಬಿತ್ತು. ಕತ್ತಿನ ಸುತ್ತ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಮಲಗಿರಲಿ ಪಾಪ ಎಂದು ನಾನು ಎಬ್ಬಿಸಲಿಲ್ಲ. ಬುಧವಾರ ಅಪ್ಪ ಹೋದ.

ಹನ್ನೊಂದನೆಯ ದಿನ ಎಡೆ ಇಡಬೇಕು. ನಮ್ಮಲ್ಲಿ ಸತ್ತವರ ಫೋಟೋದ ಮುಂದೆ ಅವರಿಗೆ ಇಷ್ಟವಾಗಿದ್ದದ್ದನ್ನೆಲ್ಲ ಇಟ್ಟು, ಪೂಜೆ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಒಳಗೆ ಅವರು ಬಂದು ಸಂಕೋಚವಿಲ್ಲದೆ ತೃಪ್ತಿಯಾಗಿ ಉಣ್ಣಲಿ ಎಂದು. ವಡೆ, ಪಾಯಸ, ಮೆಣಸಿನಕಾಯಿ ಬೋಂಡ, ಎಲೆ ಅಡಿಕೆ, ಒಂದು ಕಟ್ಟು ಬೀಡಿ ಎಲ್ಲ ಇಟ್ಟಾಯಿತು. ನಾನು ಚೀಲದಿಂದ 'ಮಂಡಿ ಹೆಂಡ್ತಿ' ಕ್ಯಾಸೆಟ್ ತೆಗೆದು ಬೋಂಡದ ಪಕ್ಕ ಇಟ್ಟೆ. ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋಗಿ ತಂದಿದ್ದೆ. ದೊಡ್ಡತ್ತೆ ಮುಖ ಸಿಂಡರಿಸಿದರು. ಪೂಜೆಗೆ ಬಂದಿದ್ದ ಅಯ್ಯನವರು, "ಇಷ್ಟವಾಗಿದ್ದನ್ನ ಇಡಿ ಅಂತ ತಾನೇ ಇರೋದು? ಬೀಡಿನೇ ಇಟ್ಟಿದೀರಿ, ಇದೇನು ಮಹಾ" ಎಂದು ಪಾಸು ಮಾಡಿದರು. ತಕರಾರು ತೆಗೆದವರು ಸೆಲ್ವಣ್ಣ. "ಕ್ಯಾಸೆಟ್ ಇಟ್ರೆ ಅವನು ಹೆಂಗೆ ನೋಡ್ತಾನೆ ತಂಬಿ? ವಡೆನ ಹಿಟ್ಟಲ್ಲೇ ಇಡ್ತೀವಾ? ಓಡಿಸ್ಬೇಕು."

ಮಾತು ಸರಿಯಾಗಿತ್ತು. ಟಿ.ವಿ.ಯನ್ನು ಫೋಟೋದ ಎದುರಿಗೆ ತಿರುಗಿಸಿ, ಅಪ್ಪನಿಗೆ ಕಿವಿ ಸ್ವಲ್ಪ ಮಂದವಾಗಿದ್ದದ್ದು ನೆನಪಾಗಿ ಶಬ್ದ ಜೋರು ಮಾಡಿ, ಪಿಚ್ಚರು ಶುರು ಮಾಡಿ, ಬಾಗಿಲು ಮುಚ್ಚಿ, ಇಪ್ಪತ್ತು ಮೂವತ್ತು ಜನ ಶಾಮಿಯಾನದ ಕೆಳಗೆ ಕೈಕಟ್ಟಿಕೊಂಡು ನಿಂತೆವು. ಒಳಗಿನಿಂದ ಹೆಂಗಸೊಬ್ಬಳ ಕಿರುಚಾಟ ಬಂತು. ದೊಡ್ಡತ್ತೆ ಕೈ ಮುಗಿದರು. ಏನೋ ಪಿಚಕ್ಕೆಂದು ಒಡೆದ ಸದ್ದಾಯಿತು. ಎಲ್ಲರೂ ಕೈ ಮುಗಿದರು. ಅಯ್ಯನವರು ಕುರ್ಚಿಯನ್ನು ನಿಧಾನವಾಗಿ ಕಿಟಕಿಯ ಕಡೆ ಎಳೆದುಕೊಂಡು, "ಈಗ ಏನ್ ನಡೀತಿದೆ?" ಎಂದು ಮೆಲ್ಲಗೆ ಕೇಳಿದರು. ಒಂದು ದಿನವೂ ಆ ಪಿಚ್ಚರನ್ನು ಕಣ್ಣೆತ್ತಿ ನೋಡದ ನನ್ನ ಅಮ್ಮ, ಗೋಡೆಗೆ ಒರಗಿ ಕೂತಿದ್ದವಳು, "ಈಗ ಗಂಟು ಒಡೀತು. ಇನ್ನು ಅವಳು ಬೈಯಕ್ಕೆ ಶುರು ಮಾಡ್ತಾಳೆ. ಆಮೇಲೆ ಪ್ಯಾಂಟಿಗೆ ತೂತು ಮಾಡ್ತಾನೆ" ಎಂದಳು. ಅಡುಗೆಮನೆಯಿಂದಲೇ ಅವಳಿಗೆ ಇಡೀ ಪಿಚ್ಚರು ಬಾಯಿಪಾಠವಾಗಿತ್ತು.

ತೂತು ಮಾಡಿದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. "ಉಂಡು ಹೋದ ಅನ್ಸುತ್ತೆ, ಬಾಗಿಲು ತೆಗೀರಿ" ಎಂದರು ದೊಡ್ಡತ್ತೆ. ಅಷ್ಟರಲ್ಲಿ ಕರೆಂಟು ಬಂತು, ಆದರೆ ಪಿಚ್ಚರು ತಾನಾಗಿ ಓಡುವಂತಿರಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. "ಡಾಕ್ಟ್ರು ಇನ್ನೂ ಬಂದಿಲ್ಲ. ನಿಮ್ಮಪ್ಪ ಅರ್ಧಕ್ಕೆ ಬಿಟ್ಟು ಏಳೋನಲ್ಲ. ಹೋಗಿ ಹಾಕು. ನೀನು ಹೋದ್ರೆ ಅವನು ಏನೂ ಅನ್ಕೊಳಲ್ಲ."

ಒಳಗೆ ಹೋಗಿ ಬಾಗಿಲು ಮುಚ್ಚಿ, ಗುಂಡಿ ಒತ್ತಿ, ನನ್ನ ಮಾಮೂಲಿ ಜಾಗದಲ್ಲಿ ಕೂತೆ. ಡಾಕ್ಟರು ಗರಗಸ ಹಿಡಿದು ಬಂದ. ಮಂಡಿಯವನು ಕೈ ಅಡ್ಡ ಹಿಡಿದು ಇಂಗ್ಲಿಷಿನಲ್ಲಿ ಏನೋ ಅಂದ. ಬರೀ ಇಂಗ್ಲಿಷು. ಕನ್ನಡದಲ್ಲಿ ಆಡುವವರು ಯಾರೂ ಇಲ್ಲ. ಫೋಟೋ ನೋಡಿದೆ, ಅದು ಸುಮ್ಮನಿತ್ತು. ಆ ಸುಮ್ಮನಿರುವುದನ್ನು ನನಗೆ ತಡೆಯಲಾಗಲಿಲ್ಲ. ನಾನೇ ಜೋರಾಗಿ ಹೇಳಿಬಿಟ್ಟೆ, "ಬೇಡ ಬಿಡಿ ಡಾಕ್ಟ್ರೇ, ಇರ್ಲಿ. ಮೆಟ್ಲು ಹತ್ತುವಾಗ ಸ್ವಲ್ಪ ನೋಯುತ್ತೆ, ಅಷ್ಟೇ." ಬಾಯಿಂದ ಬಂದದ್ದು ಥೇಟ್ ಅಪ್ಪನ ದನಿ. ಮಂಡಿಯ ಮೇಲಿನ ಮುಖದ ಕಿವಿಯ ಹಿಂದೆ ಗೆರೆ ಎದ್ದು ಕಾಣುತ್ತಿತ್ತು. "ಗೆರೆ ನೋಡಪ್ಪ" ಎನ್ನಲು ಹೋದೆ, "ರಾಕ್ಷಸಂದು ತಲೆ ಬಿತ್ತಪ್ಪ, ನಾನು ಎಬ್ಬಿಸ್ಲಿಲ್ಲ" ಎಂದು ಬಂತು. ಆಮೇಲೆ ಹತ್ತು ದಿನದ್ದೆಲ್ಲ ಒಟ್ಟಿಗೆ ಬಂತು. ನಗುತ್ತ, ಅಳುತ್ತ, ಮಧ್ಯೆ ಉಸಿರು ಕಟ್ಟಿದಂತಾಗಿ ಗೊರಕೆಯ ಥರ ಸದ್ದು ಮಾಡುತ್ತ, ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಪ್ರತಿ ಭಾನುವಾರದ ಅಭ್ಯಾಸ, ಕೈ ತಾನಾಗಿಯೇ ಹೋಗಿ ಒಂದು ಬೋಂಡವನ್ನೂ ತೆಗೆದುಕೊಂಡು ತಿಂದಿತ್ತು.

ಮುಖ ಒರೆಸಿಕೊಂಡು ಬಾಗಿಲು ತೆಗೆದರೆ ಹೊರಗೆ ಎಲ್ಲರ ಕಣ್ಣಲ್ಲೂ ನೀರು. ದೊಡ್ಡತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿ ಎಲೆಯ ಮೇಲಿನ ಬೋಂಡ ನೋಡಿದರು, ಅಲ್ಲೇ ಕೂತುಬಿಟ್ಟರು. "ಬೋಂಡ ಮುಟ್ಟಿದಾನೆ ಕಣ್ರೇ ನನ್ನ ತಮ್ಮ. ಡಾಕ್ಟ್ರಿಗೆ ಮಂಡಿ ನೋವು ಅಂತ ಹೇಳ್ಕೊಂಡ, ನನ್ನ ಕಿವಿಯಾರೆ ಕೇಳ್ದೆ." ಸೆಲ್ವಣ್ಣ, ಅಯ್ಯನವರು, ಎಲ್ಲರೂ ಕೇಳಿದ್ದರು. ಆಮೇಲೆ ಒಂದು ಪ್ರಾಣಿ ವಿಕಾರವಾಗಿ ಕೂಗಿತಲ್ಲ, ಪಿಚ್ಚರಿನಲ್ಲಿ ಅದೊಂದು ಚೆನ್ನಾಗಿರಲಿಲ್ಲ ಎಂದು ಅಯ್ಯನವರು ಅಭಿಪ್ರಾಯಪಟ್ಟರು. ಅಮ್ಮ ಮಾತ್ರ ನನ್ನ ತುಟಿಯ ಪಕ್ಕ ಅಂಟಿದ್ದ ಬೋಂಡದ ಚೂರನ್ನು ಸೆರಗಿನಿಂದ ಒರೆಸಿದಳು. "ಬಚ್ಚಲಲ್ಲಿ ಬಿಸಿನೀರಿದೆ, ಮುಖ ತೊಳ್ಕೋ ಹೋಗು" ಎಂದಳು.

ನಿಜ ಹೇಳಿಬಿಡೋಣ ಎಂದುಕೊಂಡೆ. ದೊಡ್ಡತ್ತೆಯ ಮುಖ ನೋಡಿ ಬಚ್ಚಲಿಗೆ ನಡೆದೆ. ಹೀಗಾಗಿ ನೆಂಟರ ಪಾಲಿಗೆ ನಾನು ಶಾಶ್ವತವಾಗಿ ಅಪ್ಪ ಸತ್ತಾಗ ಅಳದ ಮಗನಾಗಿ ಉಳಿದೆ. ಇಂದಿಗೂ ಯಾವ ಮದುವೆಯಲ್ಲಿ ಸಿಕ್ಕರೂ ದೊಡ್ಡತ್ತೆ ಪಕ್ಕದವರಿಗೆ ನನ್ನನ್ನು ತೋರಿಸಿ, "ಸತ್ತ ಅಪ್ಪ ಬಂದು ಮಾತಾಡಿ ಹೋದ್ರೂ ಈ ಹುಡುಗ ಅಳ್ಳಿಲ್ಲ ಮಾರಾಯ್ತಿ, ಕಲ್ಲು" ಎನ್ನುತ್ತಾರೆ. ಆ ಹೊತ್ತಿಗೆ ಅಲ್ಲಿ ಹೆಣ್ಣು ಒಪ್ಪಿಸಿಕೊಡುತ್ತಿರುತ್ತಾರೆ. ಯಾರ ಮಗಳೋ ಏನೋ, ಕಲ್ಲು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುತ್ತದೆ. ಆಮೇಲೆ ಎಲ್ಲರ ಜೊತೆ ನಾನೂ ಊಟಕ್ಕೆ ಏಳುತ್ತೇನೆ. ಊಟದ ಹಾಲ್ ಯಾವಾಗಲೂ ಮೇಲಿನ ಮಹಡಿಯಲ್ಲೇ ಇರುತ್ತದೆ. ಮೆಟ್ಟಿಲು ಹತ್ತುವಾಗ ಸ್ವಲ್ಪ ನೋಯುತ್ತದೆ, ಅಷ್ಟೇ.