ಕುರುಗೋಡಿನ ಸೋದರಮಾವನ ಮನೆ

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಗದ್ದೆಯ ಕೆಸರು ತೊಳೆದುಕೊಂಡು ಬಳ್ಳಾರಿ ಬಸ್ಸು ಹತ್ತಿ ಓದಿದವನು. ಅಂಥವನಿಗೆ ಮಗಳ ಮದುವೆಗೆ ಒಂದು ಮನೆಯವರನ್ನು ಕರೆದು ಬರುವುದು ಯಾವ ದೊಡ್ಡ ಕೆಲಸ!

ಮನೆಯವರಿಗೆ ಹಾಗನ್ನಿಸಲಿಲ್ಲ. ಮನಸ್ಸಿನ ಕಾಯಿಲೆಯಲ್ಲಿ ನಾನು ಹಲವು ವರ್ಷ ಕಳೆದಿದ್ದೆ. ಈಗ ಹುಷಾರಾಗಿದ್ದೇನೆ ಎಂದು ಡಾಕ್ಟರು ಹೇಳಿದ್ದರೂ ಸಿರುಗುಪ್ಪದ ನಮ್ಮ ಮನೆಗೆ ಆ ಸುದ್ದಿ ಪೂರ್ತಿ ಮುಟ್ಟಿರಲಿಲ್ಲ. ನಾನು ಸೀನಿದರೂ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹೆಂಡತಿ ನೀಲಾ ನನ್ನ ಹತ್ತಿರ ಬೀಗರ ಜೊತೆ ಮಾತಾಡುವಷ್ಟು ಮೆತ್ತಗೆ ಮಾತಾಡುತ್ತಿದ್ದಳು. ಮೊದಲು ಹಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಉಪ್ಪಿನ ಡಬ್ಬಿಗೆ ಒದ್ದೆ ಕೈ ಹಾಕಿದ್ದಕ್ಕೆ ಇಡೀ ಓಣಿಗೆ ಕೇಳುವಂತೆ ಬೈದವಳು! ಆ ದನಿಯೊಂದು ವಾಪಸು ಬಂದರೆ ನನಗೆ ಸಾಕಿತ್ತು.

"ನಿನ್ನ ಸೋದರಮಾವನ್ನ ನಾನ ಕರೀಬೇಕು. ಕುರುಗೋಡಿಗೆ ಒಬ್ಬನ ಹೋಗ್ತೀನಿ" ಎಂದೆ.

"ಹೋಗಿಬರ್ರಿ... ಆದ್ರ ಮಾವಾರು ಈಗ..."

"ಮನಿ ಗೊತ್ತೈತಿ ಬಿಡು!"

ಕುರುಗೋಡಿನಲ್ಲಿ ಇಳಿದೆ. ಕಾಲು ತಾನೇ ದಾರಿ ಹಿಡಿಯಿತು. ಹೊಸ ಅಳಿಯನಾಗಿ ಬಂದಾಗ ಇದೇ ಕಟ್ಟೆಯ ಮೇಲೆ ಕೂರಿಸಿ, ಬೇಡ ಬೇಡವೆಂದರೂ ಮಾವ ಹೋಳಿಗೆಗೆ ತುಪ್ಪ ಸುರಿದಿದ್ದರು. ಪಕ್ಕದಲ್ಲಿ ನೀಲಾ ಮುಸಿಮುಸಿ ನಗುತ್ತಿದ್ದಳು. ಕಟ್ಟೆ ಹಾಗೇ ಇತ್ತು. ಬಾಗಿಲೂ ಅದೇ. ಒಳಗಿದ್ದ ಅಜ್ಜಿ ಮಾತ್ರ ಗುರುತಾಗಲಿಲ್ಲ.

"ಭಾಳ ವರ್ಷ ಆತಜ್ಜಿ ನಾ ಬಂದು" ಎಂದೆ.

"ಹೌದೇನಪ? ಬಾ, ಕುಂದ್ರು" ಎಂದು ನೀರು, ಬೆಲ್ಲ ಕೊಟ್ಟಳು.

ಮನೆ ತುಂಬ ಮಂದಿ. ಒಂದು ಮುಖವೂ ನೆನಪಿಗೆ ಬರಲಿಲ್ಲ. ತಪ್ಪು ನನ್ನ ತಲೆಯದೇ ಇರಬೇಕು! ಯಾರೆಂದು ಕೇಳಿದರೆ 'ಮತ್ತೆ ಶುರುವಾಯಿತು' ಎಂದಾರು. ಆದ್ದರಿಂದ ಎಲ್ಲರನ್ನೂ ಗುರುತಿಸಿಬಿಟ್ಟೆ!

"ಏನ್ಲೇ, ಎಷ್ಟು ದೊಡ್ಡಾವ ಆಗೀದಿ!" ಎಂದು ಮೀಸೆಯವನೊಬ್ಬನ ಬೆನ್ನು ತಟ್ಟಿದೆ. ಅವನು ಗಾಬರಿಯಾಗಿ ಕಾಲು ಮುಟ್ಟಿದ.

"ಮಾವ ಎಲ್ಲಿ?"

"ಹೊಲಕ್ಕ ಹೋಗ್ಯಾರ."

ಎಲ್ಲರ ಮನೆಯಲ್ಲೂ ಒಬ್ಬ ಮಾವ ಇರುತ್ತಾನೆ, ಹೊಲಕ್ಕೆ ಹೋಗಿರುತ್ತಾನೆ. ನನಗದು ಹೊಳೆಯಲಿಲ್ಲ. ಬಂದವನಿಗೆ ತಿನ್ನಿಸದೆ ಯಾರೆಂದು ಕೇಳುವ ಪದ್ಧತಿ ಅವರಲ್ಲಿಲ್ಲ. ಒಗ್ಗರಣೆ ಮಂಡಕ್ಕಿ ಬಂತು, ಮಿರ್ಚಿ ಬಂತು. ನಾನು ಅಕ್ಷತೆಯಿಟ್ಟು ಲಗ್ನಪತ್ರಿಕೆ ಕೊಟ್ಟು, ಹಿಂದಿನ ದಿನವೇ ಬರಬೇಕೆಂದು ಇಡೀ ಮನೆಯನ್ನು ಕರೆದೆ. ಅಜ್ಜಿಯ ಕಣ್ಣು ತುಂಬಿತು. "ನಾವು ಮೋಕ ಅನ್ನೋ ಊರಿಂದ ಇಲ್ಲಿಗೆ ಬಂದಾವ್ರು. ಈ ಊರಾಗ ನಮ್ಮನ್ನ ಮನಿತನಕ ಬಂದು ಯಾರೂ ಕರದಿದ್ದಿಲ್ಲಪ."

ಮೋಕ? ಇದೂ ನನಗೆ ಮರೆತಿರಬೇಕು ಅಂದುಕೊಂಡೆ!

ಅಷ್ಟರಲ್ಲಿ ನೀಲಾಳ ಫೋನು. "ಎಲ್ಲದೀರಿ? ಮಾವಾರು ನಿಮ್ಮ ದಾರಿ ನೋಡಾಕತ್ಯಾರ."

"ಅವ್ರ ಮನ್ಯಾಗ ಅದೀನಿ! ಮಿರ್ಚಿ ತಿನ್ನಾಕತ್ತೀನಿ!"

ಆ ಕಡೆಯಿಂದ ರೋಗಿಯನ್ನು ಮಾತಾಡಿಸುವ ಅದೇ ಮೆತ್ತನೆಯ ದನಿ: "ಆತ್ರಿ. ಅಲ್ಲೇ ಕುಂದರ್ರಿ. ಬಂದ್ವಿ." ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ವಾಪಸು ಇಟ್ಟೆ.

ನೀಲಾ ಸಿರುಗುಪ್ಪದಿಂದ ಅರ್ಧ ಓಣಿಯನ್ನೇ ಕಾರಿನಲ್ಲಿ ತುಂಬಿಕೊಂಡು ಬಂದಳು. ಜೊತೆಗೆ ಮಾವ.

"ಅಳಿಯಂದ್ರ, ಈ ಮನಿ ಮಾರಿ ಭಾಳ ದಿನ ಆತು. ನಾವೀಗ ಬ್ಯಾರೆ ಓಣ್ಯಾಗ ಅದೀವಿ" ಎಂದರು ಮಾವ.

ನೀಲಾ ನನ್ನ ಕಣ್ಣನ್ನೇ ಹುಡುಕುತ್ತ ಕೇಳಿದಳು: "ಒಳಗ ಮಂದಿ ಬ್ಯಾರೆ ಅದಾರಂತ ಗೊತ್ತಾಗ್ಲಿಲ್ಲೇನ್ರಿ?"

"ಗೊತ್ತಾತು. ನನ್ನ ತಲಿನ ಕೆಟ್ಟೈತಿ ಅನ್ಕೊಂಡು ಸುಮ್ಕ ಕುಂತೆ."

ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಸಿಡಿದಳು!

"ಕೆಡಾಕ ತಲಿಯೊಳಗ ಏನರ ಇರಬೇಕಲ್ಲ! ಡಿಗ್ರಿ ಮಾಡ್ಯಾರಂತ ಡಿಗ್ರಿ! ಇದು ಯಾರ ಮನಿ ಅಂತ ಒಂದು ಮಾತು ಕೇಳಾಕ ಬಾಯಾಗ ಮಿರ್ಚಿ ತುರ್ಕೊಂಡಿದ್ರೇನು?"

ನಿಜಕ್ಕೂ ತುರುಕಿಕೊಂಡಿದ್ದೆ. ಓಣಿಯ ಬಾಗಿಲುಗಳೆಲ್ಲ ತೆರೆದವು.

"ಬೈಬ್ಯಾಡವಾ, ಪಾಪ" ಎಂದಳು ಅಜ್ಜಿ.

"ಬೈಲಿ ಬಿಡಜ್ಜಿ" ಎಂದೆ.

ಊರು ತಲುಪುವವರೆಗೂ ಬೈದಳು. ನಾನು ಕಿಟಕಿಯ ಪಕ್ಕ ಕೂತು ಹಾಡು ಕೇಳಿದಂತೆ ಕೇಳಿದೆ. ನನ್ನ ಕಾಯಿಲೆ ವಾಸಿಯಾಗಿದೆ, ಇದು ಬರೀ ದಡ್ಡತನ ಎಂದು ಮನೆಯವರಿಗೆಲ್ಲ ಅವತ್ತು ಖಾತ್ರಿಯಾಯಿತು. ಅದಕ್ಕೆ ಗುಳಿಗೆ ಇಲ್ಲವೆಂದು ಡಾಕ್ಟರೂ ಕೈ ಚೆಲ್ಲಿದ್ದಾರೆ!