ದಾನಿ ಕಾರು

ಎಲ್ಲಕ್ಕೂ ಮೂಲ ಮೇರಿ ಟೀಚರ ಬಿಳಿ ಬೆಡ್‌ಶೀಟು.

ಕೊಚ್ಚಿಯ ಕಲೂರಿನ ಸ್ಟೇಡಿಯಂ ಹಿಂದಿನ ಆ ಫ್ಲ್ಯಾಟಿನಲ್ಲಿ ಮೇರಿ ಟೀಚರು ನಿವಾಸಿಗಳ ಸಂಘದ ಅಧ್ಯಕ್ಷೆ. ಒಂದನೇ ಮಹಡಿಯ ಅವರ ಬಾಲ್ಕನಿಯ ಸರಿಯಾಗಿ ಕೆಳಗೆ ಮಹೇಶ್ವರನ ಪಾರ್ಕಿಂಗ್ ಜಾಗ, ಅಲ್ಲಿ ಅವನ ಮಾವ ಶ್ರೀಹರಿ ರಾಯರು ಬಿಟ್ಟುಹೋದ ಬೂದುಬಣ್ಣದ ಪದ್ಮಿನಿ ಕಾರು. ದಿನಾ ಬೆಳಿಗ್ಗೆ ಅವನು ಕಾರು ಸ್ಟಾರ್ಟ್ ಮಾಡಿದನೆಂದರೆ ಹಿಂದಿನಿಂದ ಎದ್ದ ಹೊಗೆ ಬೇರೆಲ್ಲೂ ಹೋಗದೆ ಟೀಚರು ಬಟ್ಟೆ ಒಣಹಾಕಿದ ಹಗ್ಗಕ್ಕೇ ಹೋಗಿ ಕೂರುತ್ತಿತ್ತು. ಒಂದು ದಿನ ಬಿಳಿ ಬೆಡ್‌ಶೀಟು ಪೂರ್ತಿ ಬೂದುಬಣ್ಣಕ್ಕೆ ತಿರುಗಿತು. ಟೀಚರು ಜಗಳವಾಡಲಿಲ್ಲ. ಅದನ್ನು ಇಸ್ತ್ರಿ ಮಾಡಿ, ಮಡಚಿ, ಮಹೇಶ್ವರನ ಮನೆಗೇ ತಂದುಕೊಟ್ಟು, ನಿಮ್ಮ ಕಾರಿಗೆ ಹೊದೆಸಿ, ಬಣ್ಣ ಹೊಂದುತ್ತದೆ ಎಂದು ಹೇಳಿ ಹೋದರು.

ಮಹೇಶ್ವರ ಕಾಸರಗೋಡಿನವನು, ಸರಕಾರಿ ವಕೀಲರ ಕಚೇರಿಯಲ್ಲಿ ಕಡತ ನೋಡಿಕೊಳ್ಳುವವನು. ಜಗಳವಾಗಿದ್ದರೆ ಅವನು ಹೇಗಾದರೂ ತಾಳಿಕೊಳ್ಳುತ್ತಿದ್ದ. ಆ ಮಡಚಿದ ಬೆಡ್‌ಶೀಟು ಮಾತ್ರ ಅವನ ನಿದ್ದೆಗೆಡಿಸಿತು.

ಎಂಜಿನ್ ಬಿಚ್ಚಿಸೋಣವೆಂದರೆ ಅತ್ತೆ ಸೀತಮ್ಮ ಇದ್ದರು. ಅವರಿರುವುದು ಮಗಳ ಮನೆಯಲ್ಲಿ, ಅಂದರೆ ಮಹೇಶ್ವರನ ಜೊತೆಗೇ. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಕೀಲಿ ಅಳಿಯನ ಕೈಗೆ ಕೊಡುವಾಗ, ಇದರ ಒಂದು ನಟ್ಟು ಬದಲಾದರೂ ಕಾರು ರಂಜನನಿಗೆ ಎಂದು ಹೇಳಿಯೇ ಕೊಟ್ಟಿದ್ದರು. ರಂಜನ್ ಅವರ ಮಗ, ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನಲ್ಲಿ ಮನೆ ಮಾಡಿಕೊಂಡವನು. ಕಾರಿನ ಆರ್‌ಸಿ ಪುಸ್ತಕ ಇನ್ನೂ ಸೀತಮ್ಮನ ಸೀರೆಗಳ ಅಡಿಯಲ್ಲೇ ಇತ್ತು. ಈ ವರ್ಷ ರಂಜನನ ಮನೆಯಲ್ಲಿ ರಾಯರ ತಿಥಿಯ ದಿನ, ಊಟವಾದ ಮೇಲೆ ಅದನ್ನು ಅಳಿಯನ ಹೆಸರಿಗೆ ಮಾಡಿಕೊಡುವುದೆಂದು ಮಾತಾಗಿತ್ತು. ಮಹೇಶ್ವರನಿಗೆ ಬದುಕಿನಲ್ಲಿ ಬೇರೆ ದೊಡ್ಡ ಆಸೆಗಳಿರಲಿಲ್ಲ. ಆ ಕಾರಿನಲ್ಲಿ ಫೋರ್ಟ್ ಕೊಚ್ಚಿಗೆ ಹೋದರೆ ವಿದೇಶಿಯರು ಫೋಟೊ ತೆಗೆಯುತ್ತಿದ್ದರು. ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಅವನನ್ನು ಯಾರೂ ಆ ರೀತಿ ನೋಡಿರಲಿಲ್ಲ.

ರಾಯರು ತುಂಬದಲ್ಲಿ ರಾಕೆಟ್ಟುಗಳ ಕೆಲಸದಲ್ಲಿದ್ದವರು. ನಿವೃತ್ತರಾದರೂ ಕೈಯ ಅಭ್ಯಾಸ ಹೋಗಿರಲಿಲ್ಲ. ಕಾರಿನ ಯಾವ ಭಾಗ ಬಿಚ್ಚಿ ಹಾಕಿದರೂ ಅದರ ಮೇಲೆ ಬಿಳಿ ಪೇಂಟಿನಲ್ಲಿ ತಾರೀಕು ಬರೆದು, ಪಕ್ಕದಲ್ಲಿ 'ಶ್ರೀ' ಎಂದು ಗುರುತು ಹಾಕುತ್ತಿದ್ದರು. ಹೊರಡುವ ಮೊದಲು ಹಿಂದಿನ ಸೀಟಿನಿಂದ ಸೀತಮ್ಮ ಪಟ್ಟಿ ಓದಬೇಕು, ಬಾಗಿಲು ಸರಿ, ಬ್ರೇಕು ಸರಿ, ನೀರು ಸರಿ. ಆಮೇಲೆ ಹತ್ತರಿಂದ ಸೊನ್ನೆಗೆ ಎಣಿಸಬೇಕು. ಸೊನ್ನೆಗೆ ರಾಯರು ಕೀಲಿ ತಿರುಗಿಸುತ್ತಿದ್ದರು.

ಪರಿಹಾರ ಕೊಟ್ಟವನು ಎದುರು ಮನೆಯ ತರುಣ್. ಬೆಂಗಳೂರಿನ ಹುಡುಗ, ಇನ್ಫೋಪಾರ್ಕಿನಲ್ಲಿ ಕೆಲಸ. ಅವನ ಎಲೆಕ್ಟ್ರಿಕ್ ಕಾರು ಮೆಟ್ರೋ ಕಂಬಕ್ಕೆ ಗುದ್ದಿ ಮೈಯೆಲ್ಲ ನಜ್ಜುಗುಜ್ಜಾಗಿತ್ತು. ಒಳಗಿನ ಮೋಟಾರು, ಬ್ಯಾಟರಿಯ ಕೂದಲೂ ಕೊಂಕಿರಲಿಲ್ಲ.

"ಸಾರ್, ನನ್ ಕಾರಿಗೆ ಬಾಡಿ ಹೋಗಿದೆ, ಹಾರ್ಟ್ ಚೆನ್ನಾಗಿದೆ. ನಿಮ್ದು ಉಲ್ಟಾ. ಎತ್ತಿ ಇದಕ್ಕೆ ಹಾಕ್ಬಿಡೋಣ," ಎಂದ.

ಅಷ್ಟರಲ್ಲಿ ಸೀತಮ್ಮ ಯಾರದೋ ಬಾಣಂತನಕ್ಕೆಂದು ಎರಡು ತಿಂಗಳು ಕಾಸರಗೋಡಿಗೆ ಹೋದರು. ಮಹೇಶ್ವರ ಕಾರನ್ನು ಊರೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಜಾಯ್ಸಳ ಗ್ಯಾರೇಜಿಗೆ ಸೇರಿಸಿದ. ಕಲೂರಿನಲ್ಲಿ ಜಾಯ್ಸ್ ಬಿಚ್ಚಲಾರದ ಗಾಡಿ ಇರಲಿಲ್ಲ. ದಾನಿ ಕಾರಿನ, ಅಂದರೆ ತರುಣನ ಕಾರಿನ, ಮೋಟಾರು, ಬ್ಯಾಟರಿ, ವೈರುಗಳ ಗೊಂಚಲು ಎಲ್ಲವನ್ನೂ ಇಡಿಯಾಗಿ ಇಳಿಸಿ, ಹಳೆಯ ಕಾರಿನ ಹೊಟ್ಟೆಯೊಳಗೆ ಕೂರಿಸಿ, ಪೆಟ್ರೋಲ್ ಮುಚ್ಚಳದ ಒಳಗೇ ಚಾರ್ಜಿನ ತೂತು ಇಟ್ಟಳು. ಸ್ಟೀರಿಂಗಿನ ಪಕ್ಕದ ಗಿಯರ್ ಕೋಲನ್ನು ತೋರಿಕೆಗೆ ಹಾಗೇ ಬಿಟ್ಟಳು. ಇದಕ್ಕೆಲ್ಲ ಸಾರಿಗೆ ಕಚೇರಿಯ ಅನುಮತಿ ಬೇಕಿತ್ತು. ಮಹೇಶ್ವರ ಕಾನೂನಿನ ಕಚೇರಿಯವನಾದ್ದರಿಂದ, ಕಾನೂನನ್ನು ಎಲ್ಲಿಯವರೆಗೆ ಕಾಯಿಸಬಹುದೆಂದು ಅವನಿಗೆ ಗೊತ್ತಿತ್ತು. ಆರ್‌ಸಿ ಪುಸ್ತಕ ಕೈಗೆ ಬಂದ ಮರುದಿನವೇ ಅರ್ಜಿ ಹಾಕುವುದೆಂದು ತೀರ್ಮಾನಿಸಿದ.

ಅವನ ಕಚೇರಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾವುದನ್ನೇ ವಿಲೇವಾರಿ ಮಾಡುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಬೇಕು. ಅದರಂತೆ ಹಳೆ ಎಂಜಿನ್ ಇಳಿಸುವ ಮುಂಚೆ ಕೊನೆಯ ಸಲ ಅದನ್ನು ಓಡಿಸಿ, ತರುಣನ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಸಿದ. ತರುಣ್ ಅದರ ಕೆಮ್ಮು, ಸುತ್ತಲಿನವರ ಮಾತು ಎಲ್ಲ ಕತ್ತರಿಸಿ ಚೊಕ್ಕ ಮಾಡಿದ. ಫೋನಿನಿಂದ ಆ ಸದ್ದು ಬರುವ ಹಾಗೆ ಬಾನೆಟ್ಟಿನ ಒಳಗೆ ಒಂದು ಸ್ಪೀಕರ್ ಕಟ್ಟಿದರು.

ಇಳಿಸಿದ ಎಂಜಿನ್ ಏನು ಮಾಡಲಿ ಎಂದು ಜಾಯ್ಸ್ ಕೇಳಿದಳು. ಕೊಚ್ಚಿಯಲ್ಲಿ ಇದರ ಸದ್ದು ಯಾರ ಕಿವಿಗೂ ಬೀಳಬಾರದು, ಎಲ್ಲಾದರೂ ದೂರ ಕಳಿಸಿಬಿಡು ಎಂದ ಮಹೇಶ್ವರ. ಜಾಯ್ಸ್ ಮಗಳನ್ನು ಕೊಡುವವಳಂತೆ, ಒಳ್ಳೆಯ ಮನೆಗೇ ಕಳಿಸುತ್ತೇನೆ ಎಂದಳು.

ತಿಥಿಯ ದಿನ ಬೆಳಿಗ್ಗೆ ಐದೂವರೆಗೆ ಸೀತಮ್ಮ ಹಿಂದಿನ ಸೀಟಿನಲ್ಲಿ ಕೂತು ಪಟ್ಟಿ ಬಿಚ್ಚಿದರು. ತಿರುವನಂತಪುರ ಇನ್ನೂರು ಕಿಲೋಮೀಟರು, ಹನ್ನೆರಡೂವರೆಗೆ ಎಲೆ ಹಾಕಲೇಬೇಕು. ಹೆಂಡತಿ ವಿಜೇತಾ ಅಡುಗೆಗೆಂದು ಎರಡು ದಿನ ಮೊದಲೇ ತಮ್ಮನ ಮನೆಗೆ ಹೋಗಿದ್ದಳು. ಮುಂದಿನ ಸೀಟಿನಲ್ಲಿ ತರುಣ್, ತುಂಬದ ರಾಕೆಟ್ ಕೇಂದ್ರ ನೋಡಬೇಕೆಂಬ ನೆಪ ಹೇಳಿ ಫೋನು ಹಿಡಿದು ಕೂತಿದ್ದ.

"ಮೂರು, ಎರಡು, ಒಂದು, ಸೊನ್ನೆ," ಎಂದರು ಸೀತಮ್ಮ.

ಮಹೇಶ್ವರ ಕೀಲಿ ತಿರುಗಿಸಿದ, ತರುಣ್ ಬೆರಳು ಒತ್ತಿದ. ಬಾನೆಟ್ಟಿನಿಂದ ಪದ್ಮಿನಿಯ ಸದ್ದು ಮೊದಲ ಏಟಿಗೇ ಹೊರಟಿತು. ತರುಣನ ಮುಖದಲ್ಲಿ ತಾನೇ ರಾಕೆಟ್ಟು ಹಾರಿಸಿದ ಕಳೆ.

"ಮೂವತ್ತು ವರ್ಷದಲ್ಲಿ ಇದು ಸೊನ್ನೆಗೆ ಹೊರಟದ್ದು ನಾನು ನೋಡ್ಲಿಲ್ಲ," ಎಂದರು ಸೀತಮ್ಮ. "ಎರಡು ಸಲ ಕೆಮ್ಮಿಯೇ ಹೊರಡುವುದು."

ಸರ್ವಿಸ್ ಮಾಡಿಸಿದೆ ಎಂದು ಮಹೇಶ್ವರ ಬೆವರೊರೆಸಿಕೊಂಡ. ಬಾಲ್ಕನಿಯಲ್ಲಿ ಮೇರಿ ಟೀಚರು ಹೊಗೆಗಾಗಿ ಕಾದು, ಬಾರದ್ದನ್ನು ಕಂಡು, ಶಿಲುಬೆಯ ಗುರುತು ಮಾಡಿಕೊಂಡರು.

ಆಲಪ್ಪುಳದ ತನಕ ದಾರಿ ಸುಖವಾಗಿತ್ತು. ಕಷ್ಟವೆಂದರೆ ಸದ್ದಿಗೆ ಸರಿಯಾಗಿ ಸುಳ್ಳು ಗಿಯರ್ ಹಾಕುವುದು. ಸದ್ದು ಏರಿದಾಗ ಮಹೇಶ್ವರ ಕೋಲು ಎಳೆಯಬೇಕು. ಸಿಗ್ನಲಿನಲ್ಲಿ ಕಾರು ನಿಂತರೂ ಸದ್ದು ಏರಿಯೇ ಏರಿತು, ನಿಂತಲ್ಲೇ ಅವನು ಮೂರನೇ ಗಿಯರಿಗೆ ಹೋದ. ಪಕ್ಕದ ಆಟೋದವನು ಬಗ್ಗಿ ನೋಡಿದ.

ಆಲಪ್ಪುಳ ದಾಟಿದ್ದೇ ಸದ್ದು ಪಕ್ಕನೆ ನಿಂತಿತು. ಕಾರು ಮಾತ್ರ ಅರವತ್ತರಲ್ಲಿ ಓಡುತ್ತಲೇ ಇತ್ತು. ಆಮೇಲೆ ಬಾನೆಟ್ಟಿನ ಒಳಗಿಂದ ಒಂದು ಹೆಣ್ಣು ದನಿ, ತರುಣ್, ಆರ್ ಯು ದೇರ್, ಪ್ಲೀಸ್ ಶೇರ್ ಯುವರ್ ಸ್ಕ್ರೀನ್ ಎಂದು ಕೇಳಿತು. ತರುಣನ ಮ್ಯಾನೇಜರ್, ಬಂದ ಕರೆಗೆ ಅವನ ಬೆರಳು ತಾಗಿಬಿಟ್ಟಿತ್ತು. ಅವನು ರಜೆ ಹಾಕುವುದನ್ನೇ ಮರೆತಿದ್ದ.

"ಬಾನೆಟ್ಟಿನ ಒಳಗೆ ಯಾರಪ್ಪಾ?" ಎಂದು ಸೀತಮ್ಮ ಕೇಳಿದರು.

ರೇಡಿಯೊ ಎಂದ ಮಹೇಶ್ವರ. ತರುಣ್ ಗಾಬರಿಯಿಂದ ಕರೆ ಕತ್ತರಿಸಿ, ಫೋನಿನಲ್ಲಿ ಕೈಗೆ ಸಿಕ್ಕಿದ ರೆಕಾರ್ಡಿಂಗ್ ಒತ್ತಿದ. ಅದು ಕತ್ತರಿಸದ ಮೂಲ ಪ್ರತಿ. ಎಂಜಿನ್ ಎರಡು ಸಲ ಕೆಮ್ಮಿ ಹೊರಟಿತು, ಅದರ ಮೇಲೆ ಮಹೇಶ್ವರನದೇ ದನಿ ಸ್ಪಷ್ಟವಾಗಿ, ಹೆದ್ದಾರಿಗೆಲ್ಲ ಕೇಳುವ ಹಾಗೆ ಬಂತು.

"ಅತ್ತೆಗೆ ಎಂತ ಗೊತ್ತಾಗ್ತದೆ ಮಾರಾಯ? ಡಬ್ಬಿಗೆ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ್ರೂ ಎಂಜಿನ್ ಅಂತಲೇ ತಿಳ್ಕೊಳ್ತಾರೆ."

ತರುಣ್ ಫೋನನ್ನೇ ಆರಿಸಿದ. ಮಹೇಶ್ವರ ಕಾರಿನ ವೇಗ ಇಳಿಸಿದ. ಮೆಲ್ಲಗೆ ಕನ್ನಡಿಯಲ್ಲಿ ನೋಡಿದರೆ ಸೀತಮ್ಮ ಸೆರಗು ಮುಖಕ್ಕೆಳೆದುಕೊಂಡು, ತಲೆ ವಾಲಿಸಿ ನಿದ್ದೆ ಮಾಡುತ್ತಿದ್ದರು. ಅವನು ನೆನಪಿಗೆ ಬಂದ ದೇವರಿಗೆಲ್ಲ ಒಂದೊಂದು ತೆಂಗಿನಕಾಯಿ ಹೇಳಿಕೊಂಡ.

ಹರಿಪ್ಪಾಡಿನಲ್ಲಿ ಚಾರ್ಜು ಮುಗಿಯುತ್ತ ಬಂತು. ಹೋಟೆಲೊಂದರ ಹಿಂದೆ ಚಾರ್ಜರ್ ಇತ್ತು. ಪೆಟ್ರೋಲ್ ಹಾಕಿಸುತ್ತೇನೆ, ನೀವು ದೇವಸ್ಥಾನಕ್ಕೆ ಹೋಗಿ ಬನ್ನಿ ಎಂದು ಅತ್ತೆಯನ್ನು ತರುಣನ ಜೊತೆ ಕಳಿಸಿದ. ಅವರು ಪ್ರದಕ್ಷಿಣೆ ಹಾಕಿ, ಪಾಯಸ ತೆಗೆದುಕೊಂಡು, ಅರ್ಚಕರ ಹತ್ತಿರ ಊರು ಕೇರಿ ವಿಚಾರಿಸಿ ಅರ್ಧ ಗಂಟೆ ಬಿಟ್ಟು ಬಂದರೂ ಪೈಪು ಇನ್ನೂ ಕಾರಿಗೆ ಸಿಕ್ಕಿಸಿಕೊಂಡೇ ಇತ್ತು.

"ಅವರು ತಿಂಗಳಿಗೆ ಹಾಕಿಸ್ತಿದ್ದದ್ದೇ ಹತ್ತು ಲೀಟರು. ನೀನು ಎಂತ, ಹಡಗಿಗೆ ತುಂಬಿಸ್ತೀಯಾ?"

ಪಂಪು ಹಳೆಯದು, ನಿಧಾನ ಎಂದ ಮಹೇಶ್ವರ. ಸೀತಮ್ಮ ಪ್ರಸಾದದ ಗಂಧವನ್ನು ಬಾನೆಟ್ಟಿಗೆ ಹಚ್ಚಿದರು. ಹಚ್ಚಿದ ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟರು. ಎಂಬತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಬಂದ ಕಾರಿನ ಬಾನೆಟ್ಟು, ಮಜ್ಜಿಗೆಯ ಪಾತ್ರೆಯಷ್ಟು ತಣ್ಣಗಿತ್ತು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಕೂತರು. ತರುಣ್ ಫೋನು ಹಚ್ಚಿ, ಚೊಕ್ಕ ಮಾಡಿದ ಸದ್ದನ್ನೇ ಮತ್ತೆ ಹಾಕಿದ.

ತುಂಬಕ್ಕೆ ಮುಟ್ಟಿದಾಗ ಹನ್ನೆರಡು ಗಂಟೆ. ತಿಥಿ ಸಾಂಗವಾಗಿ ಮುಗಿಯಿತು. ಊಟವಾಗಿ, ಕೈ ತೊಳೆದು, ಎಲ್ಲರೂ ಅಂಗಳದ ಚಪ್ಪರದಲ್ಲಿ ಕುಳಿತಾಗ ಸೀತಮ್ಮ ಚೀಲದಿಂದ ಆರ್‌ಸಿ ಪುಸ್ತಕವನ್ನೂ ಪೆನ್ನನ್ನೂ ತೆಗೆದರು. ಮಹೇಶ್ವರ ಕುರ್ಚಿಯ ಅಂಚಿಗೆ ಬಂದ. ಇಷ್ಟು ದೂರ ಬಂದ ಸುಳ್ಳು ದಡ ಸೇರಲು ಇನ್ನೊಂದು ಸಹಿಯಷ್ಟೇ ಬಾಕಿಯಿತ್ತು.

ಆಗ ರಂಜನ್ ಅಮ್ಮನ ಭುಜ ಮುಟ್ಟಿ, ಒಂದು ನಿಮಿಷ ತಡಿ ಎಂದು ಹೇಳಿ, ಮನೆಯ ಪಕ್ಕ ಟಾರ್ಪಾಲು ಮುಚ್ಚಿದ್ದ ಏನನ್ನೋ ಬಿಚ್ಚಿದ. ಒಳಗೆ ಒಂದು ಕೆಂಪು ಪದ್ಮಿನಿ. ಎಂಜಿನ್ ಇಲ್ಲದ ಇದರ ಗೂಡನ್ನು ಹೋದ ವರ್ಷ ತಂದು ನಿಲ್ಲಿಸಿದ್ದೆ ಎಂದ. ಒಳಗೆ ಕೂತು ಅಮ್ಮನ ಕಡೆ ನೋಡಿದ. ಸೀತಮ್ಮ ಅಭ್ಯಾಸ ಬಲದಿಂದ ಹತ್ತರಿಂದ ಎಣಿಸಿದರು. ಸೊನ್ನೆಗೆ ಕಾರು ಕರ್ರೆಂದು ಸುಮ್ಮನಾಯಿತು. ಎರಡನೇ ಸಲ ಮೈ ನಡುಗಿಸಿ ಕೆಮ್ಮಿತು. ಮೂರನೇ ಸಲ ಭರ್ರೆಂದು ಹೊರಟು, ಚಪ್ಪರದ ತುಂಬ ಹೊಗೆ ತುಂಬಿಸಿತು.

ಸೀತಮ್ಮ ಎದ್ದು ನಿಂತರು. ಹೊಗೆಯೊಳಗೇ ನಡೆದುಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆರು ವರ್ಷದಿಂದ ತಡೆದಿದ್ದ ಅಳು ಬಂತು, ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಇದು ಅವರದ್ದು," ಎಂದರು.

ಮಹೇಶ್ವರ ಕುರ್ಚಿಯಿಂದ ಎದ್ದ. ರಂಜನ್ ಅವನನ್ನು ಕರೆದು ಬಾನೆಟ್ಟು ಎತ್ತಿ ತೋರಿಸಿದ. ಹಳೆ ಕಾರುಗಳ ವಾಟ್ಸಾಪ್ ಗುಂಪಿನಲ್ಲಿ ಕಲೂರಿನ ಜಾಯ್ಸ್ ಎಂಬವಳು ಒಂದು ಎಂಜಿನ್ ಹಾಕಿದ್ದಳಂತೆ, ದೂರದ ಊರಿನವರಿಗೆ ಮಾತ್ರ ಎಂಬ ಷರತ್ತಿನ ಮೇಲೆ. ತಂದು ಮಸಿ ಒರೆಸಿದರೆ ಅಪ್ಪನ ಅಕ್ಷರ. ಮಹೇಶ್ವರ ಬಗ್ಗಿ ನೋಡಿದ. ಬಿಳಿ ಪೇಂಟಿನಲ್ಲಿ ತಾರೀಕು, 'ಶ್ರೀ'. ಅದರ ಕೆಳಗೆ, ತಂದೆಗೆ ತಕ್ಕ ಮಗನ ಹೊಸ ಪೇಂಟು: 'ದಾನಿ ಕಾರು: ಮಹೇಶ್ವರ ಭಾವನದ್ದು.'

ಎರಡು ತಿಂಗಳಿಂದ ಅವನು ದಾನಿ ಕಾರು ತರುಣನದೆಂದೇ ತಿಳಿದಿದ್ದ.

ಕಾನೂನಿನ ಕೊನೆಯ ಎಳೆ ಹಿಡಿದು ಅವನು, ಪುಸ್ತಕದಲ್ಲಿ ಎಂಜಿನ್ ನಂಬರ್ ಮಾತ್ರವಲ್ಲ, ಚಾಸಿ ನಂಬರೂ ಇದೆ, ಆ ಚಾಸಿ, ಕಾರಿನ ಅಡಿಗಟ್ಟು, ತನ್ನ ಹತ್ತಿರವೇ ಇದೆ ಎಂದು ವಾದಿಸಲು ನೋಡಿದ. ಸೀತಮ್ಮ ಆಗಲೇ ಪುಸ್ತಕವನ್ನು ಮಗನ ಕೈಗಿಟ್ಟಿದ್ದರು.

"ಚಾಸಿ ನೀನೇ ಇಟ್ಕೋ," ಎಂದರು. "ಡಬ್ಬಿ ಬೇಕಲ್ಲ, ಕಲ್ಲು ಹಾಕ್ಲಿಕ್ಕೆ."

ವಿಜೇತಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತರುಣ್ ತನ್ನ ಫೋನಿನಲ್ಲಿ ಬಹಳ ಮುಖ್ಯವಾದದ್ದೇನೋ ಓದತೊಡಗಿದ.

ಸೀತಮ್ಮನ ತೀರ್ಪು ಅಲ್ಲಿಗೆ ಮುಗಿಯಲಿಲ್ಲ. ಕಾರು ರಂಜನನದು, ಆದರೆ ಈ ಸದ್ದು ತಾನಿರುವಲ್ಲಿ ಇರಬೇಕು, ತಾನಿರುವುದು ಕಲೂರಿನಲ್ಲಿ. ಆದ್ದರಿಂದ ಈಗಲೇ ಇದನ್ನು ಅಳಿಯನೇ ಓಡಿಸಿಕೊಂಡು ಹೋಗುವುದು, ದಿನಾ ಬೆಳಿಗ್ಗೆ ಎಣಿಕೆಗೆ ಸರಿಯಾಗಿ ಸ್ಟಾರ್ಟ್ ಮಾಡಿ ಕಾಲು ಗಂಟೆ ಬಿಡುವುದು. ಅಲ್ಲಿ ಪಾರ್ಕಿಂಗ್ ಜಾಗ ಒಂದೇ ಇರುವುದು ಎಂದು ಮಹೇಶ್ವರ ಗೊಣಗಿದ.

"ನಿನ್ನದು ರಸ್ತೆಯಲ್ಲಿ ನಿಲ್ಲಲಿ. ಸದ್ದಿಲ್ಲದ್ದು ಅಲ್ವಾ, ಯಾರಿಗೂ ತೊಂದರೆ ಇಲ್ಲ."

ಮೂರು ಗಂಟೆಗೆ ಮಹೇಶ್ವರ ಕೆಂಪು ಪದ್ಮಿನಿಯ ಸ್ಟೀರಿಂಗ್ ಮುಂದೆ ಕೂತ. ಹಿಂದೆ ಬೂದು ಕಾರಿನಲ್ಲಿ ತರುಣ್ ಒಬ್ಬನೇ, ತನ್ನ ಹಳೆಯ ಮೋಟಾರಿನ ಜೊತೆ ನೆಮ್ಮದಿಯಾಗಿದ್ದ. ಅಷ್ಟರಲ್ಲಿ ಮಹೇಶ್ವರನ ಜೇಬಿನ ಫೋನು ಗುಂಯ್‌ಗುಟ್ಟಿತು. ಫ್ಲ್ಯಾಟಿನ ಗುಂಪಿನಲ್ಲಿ ಮೇರಿ ಟೀಚರ ಸಂದೇಶ. ಬಿ ಬ್ಲಾಕಿನ ಹೊಗೆಯ ಕಾಟ ಇಂದಿಗೆ ಶಾಶ್ವತವಾಗಿ ತೀರಿತು, ಮಹೇಶ್ವರನ್ ಸಾರ್ ಅವರಿಗೆ ಸಂಘದ ವಂದನೆಗಳು, ನಾಳೆ ಬೆಳಿಗ್ಗೆ ಎಲ್ಲರೂ ಬಿಳಿ ಬಟ್ಟೆಗಳನ್ನು ಧೈರ್ಯವಾಗಿ ಹೊರಗೆ ಒಣಹಾಕಬಹುದು. ಕೆಳಗೆ ಆಗಲೇ ಇಪ್ಪತ್ತೊಂದು ಜನ ಕೈ ಮುಗಿದಿದ್ದರು.

ಏನಾದರೂ ಉತ್ತರ ಬರೆಯೋಣವೆಂದು ಅವನು ಬೆರಳು ಇಟ್ಟ. ಹಿಂದಿನ ಸೀಟಿನಲ್ಲಿ ಸೀತಮ್ಮ ಹತ್ತರಿಂದ ಎಣಿಸಲು ಶುರುಮಾಡಿದರು.