ತೆಳಿ ನೀಲಿಯಾಗುವ ಹೊತ್ತು

ಎಲ್ಲ ಕೆಟ್ಟದ್ದು ಒಂದು ಬಾಟಲಿ ಗಂಜಿ ತೆಳಿಯಿಂದ.

ಕುಚ್ಚಲಕ್ಕಿ ಬೇಯಿಸಿ ಬಸಿದ ಆ ನೀರನ್ನು ನಿರೀಕ್ಷಾ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿಸಿ, ಕದ್ರಿಯಿಂದ ವಾಮಂಜೂರಿನವರೆಗೆ ಬಸ್ಸಿನಲ್ಲಿ ಎದೆಗವಚಿಕೊಂಡು ತಂದಿದ್ದಳು. ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಅವಳ ಅಂಗೈ ಬಾಟಲಿಯ ಮುಚ್ಚಳಕ್ಕೆ ಹೋಗುತ್ತಿತ್ತು, ಎಳೆಮಗುವಿನ ನೆತ್ತಿ ಕಾಯುವ ಬಾಣಂತಿಯ ಕೈಯ ಹಾಗೆ.

ಕಾಲೇಜಿನ ಲ್ಯಾಬಿನಲ್ಲಿದ್ದ ಸ್ಟಾರ್ಚ್ ಡಬ್ಬಿಗೆ ಹುಳ ಹಿಡಿದಿತ್ತು. ತೆಳಿಯಲ್ಲಿರುವುದೂ ಅದೇ ಸ್ಟಾರ್ಚ್. ಅದಿಲ್ಲದೆ ಇಂದಿನ ಪ್ರಯೋಗವಿಲ್ಲ. ಪ್ರಯೋಗವಿಲ್ಲದೆ ನಿರೀಕ್ಷಾಳಿಗೆ ಕೆಲಸವಿಲ್ಲ. ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವ ಹಂಗಾಮಿ ಉಪನ್ಯಾಸಕಿ ಅವಳು. ಇಂದು ಸಂಚಾಲಕರಾದ ರೂಪೇಶ್ ಸರ್ ಬಂದು ಅವಳ ಪಾಠ ನೋಡುವವರಿದ್ದರು. ಹಿಡಿಸಿದರೆ ಹುದ್ದೆ ಖಾಯಂ. ಹಿಡಿಸದಿದ್ದರೆ ಜೂನಿನಲ್ಲಿ ಬೇರೆ ಯಾರೋ.

ಪಾಠ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮಾತು. ಬಸ್ಸಿನಲ್ಲಿ ತನ್ನ ಸ್ಟಾಪ್ ಬಂದಾಗ "ಇಳೀಲಿಕ್ಕುಂಟು" ಎನ್ನಲು ನಾಚಿ, ಇನ್ಯಾರೋ ಇಳಿಯುವಲ್ಲಿ ಇಳಿದು, ಬಿಸಿಲಿನಲ್ಲಿ ಹಿಂದೆ ನಡೆದು ಬರುವ ಜಾತಿ ಅವಳದು. ಅದಕ್ಕೇ ಮಾತಿನ ಕೆಲಸವನ್ನು ಬೀಕರಿಗೇ ವಹಿಸಿದ್ದಳು. ಎರಡು ಬಾಟಲಿಗಳಲ್ಲಿ ನೀರಿನಂಥ ಎರಡು ದ್ರಾವಣ. ತೆಳಿಯೊಂದಿಗೆ ಅವನ್ನು ಬೆರೆಸಿದರೆ ಮೊದಲು ಏನೂ ಆಗುವುದಿಲ್ಲ. ಒಳಗೊಳಗೇ ಅಯೋಡಿನ್ ಹುಟ್ಟುತ್ತದೆ, ಅದನ್ನು ತಿಂದುಹಾಕಲೆಂದೇ ದ್ರಾವಣದಲ್ಲಿ ಇಟ್ಟ ಒಂದು ಉಪ್ಪು, ಅದು ಹುಟ್ಟಿದ ಹಾಗೆಯೇ ತಿನ್ನುತ್ತದೆ. ಆ ಉಪ್ಪು ಮುಗಿದ ಗಳಿಗೆಯಲ್ಲಿ ಅಯೋಡಿನ್ ತೆಳಿಯನ್ನು ಹಿಡಿದು ಇಡೀ ಬೀಕರನ್ನು ಶಾಯಿಯ ನೀಲಿ ಮಾಡಿಬಿಡುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ನಾಲ್ಕು ಮಾತು ಬಾಯಿಪಾಠ ಮಾಡಿದ್ದಳು. ಕೊನೆಯ ಮಾತು, "ಈಗ ನೋಡಿ." ಆಮೇಲೆ ಮಕ್ಕಳು ಲೆಕ್ಕ ಮಾಡುತ್ತಾರೆ, ತಾನು ಸುಮ್ಮನಿರಬಹುದು.

ಸ್ಟಾಫ್ ರೂಮಿಗೆ ಕಾಲಿಟ್ಟದ್ದೇ, ಬಯಾಲಜಿಯ ಮುಮ್ತಾಝ್ ಮೇಡಂ ಪೆನ್ನು ಕೆಳಗಿಟ್ಟರು. ಬೇರೆಯವರ ಕಷ್ಟದ ಪರಿಮಳ ಅವರಿಗೆ ದೂರದಿಂದಲೇ ಬರುತ್ತಿತ್ತು.

"ಯಾ ಅಲ್ಲಾ, ಎಂತ ನಿನ್ನ ಮುಖ? ತಿಂಡಿ ತಿಂದಿದ್ದೀಯಾ ಇಲ್ವಾ?"

"ತಿಂದೆ ಮೇಡಂ," ಎಂದು ನಿರೀಕ್ಷಾ ಸುಳ್ಳು ಹೇಳಿದಳು.

"ತಿಂದ ಮುಖವಾ ಇದು? ಜಯಕ್ಕಾ, ಇಲ್ಲಿ ಬನ್ನಿ, ಇವಳನ್ನೊಮ್ಮೆ ನೋಡಿ."

ಅಟೆಂಡರ್ ಜಯಕ್ಕ ಬಂದು ನೋಡಿದರು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು, ಬಂಗುಡೆ ಮೀನು ತಾಜಾ ಉಂಟೋ ಇಲ್ಲವೋ ಎಂದು ಕಿವಿರು ಎತ್ತಿ ನೋಡುವ ಹಾಗೆ. "ಬೀಳ್ತಾರೆ ಇವರು. ಪಾಠದ ಮಧ್ಯದಲ್ಲೇ ಬೀಳ್ತಾರೆ," ಎಂದು ತೀರ್ಪು ಕೊಟ್ಟು ಹೋದರು.

ನಿರೀಕ್ಷಾ ಬಾಟಲಿಯಿದ್ದ ಚೀಲವನ್ನು ಬಾಗಿಲ ಬದಿಯ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ತನ್ನ ನಾಲ್ಕು ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕೂತಳು. ಸ್ವಲ್ಪ ಹೊತ್ತಿಗೆ ಜಯಕ್ಕ ಸ್ಟೀಲ್ ಲೋಟ ತಂದು ಕೈಗೆ ಹಿಡಿಸಿದರು. ಒಳಗೆ ಮಬ್ಬು ಬಿಳಿಯ ಏನೋ, ಅದಕ್ಕೆ ಉಪ್ಪು, ಮೇಲೊಂದಿಷ್ಟು ಮಿಡಿ ಉಪ್ಪಿನಕಾಯಿಯ ರಸ. ಬೇಡ ಎನ್ನುವುದು ಅವಳಿಗೆ ಯಾವತ್ತೂ ಬಂದದ್ದಲ್ಲ. ಕುಡಿದಳು. ಹೊಟ್ಟೆಗೆ ಹಿತವಾಯಿತು. ಪೂರ್ತಿ ಕುಡಿದಳು.

"ಈಗ ನೋಡಿ, ಮುಖಕ್ಕೆ ಕಳೆ ಬಂತು," ಎಂದರು ಜಯಕ್ಕ. "ಬುದ್ಧಿವಂತೆ ನಿಮ್ಮ ಅಮ್ಮ. ತೆಳಿ ಕಟ್ಟಿ ಕೊಟ್ಟಿದ್ದಾರೆ. ನೀವು ಕುಡಿಯದೆ ಚೀಲದಲ್ಲಿ ಇಟ್ಕೊಂಡು ಕೂತಿದ್ದೀರಿ! ನಾನೇ ಬಾಟಲಿ ಪೂರ್ತಿ ಲೋಟಕ್ಕೆ ಬಗ್ಗಿಸಿದೆ."

ನಿರೀಕ್ಷಾ ಖಾಲಿ ಲೋಟದೊಳಗೆ ನೋಡಿದಳು. "ಅದು... ಪ್ರಯೋಗದ್ದು."

"ಎಂತದು?"

"ಪ್ರಯೋಗಕ್ಕೆ ತಂದದ್ದು."

ಮುಮ್ತಾಝ್ ಮೇಡಂ ಕುರ್ಚಿಯಿಂದ ಎದ್ದರು. "ಅಯ್ಯೋ ದೇವರೇ, ಕೆಮಿಕಲ್ಲಾ? ಕೆಮಿಕಲ್ ಕುಡಿಸಿದ್ರಾ ನೀವು ಅವಳಿಗೆ?"

"ತೆಳಿ, ತೆಳಿಯೇ ಮೇಡಂ," ಎಂದು ನಿರೀಕ್ಷಾ ಹೇಳುವಷ್ಟರಲ್ಲಿ ಕೆಮಿಕಲ್ ಎಂಬ ಮಾತು ಬಾಗಿಲು ದಾಟಿ ಕಾರಿಡಾರಿಗೆ ಇಳಿದಾಗಿತ್ತು.

ತಪ್ಪು ತಿದ್ದಲು ಜಯಕ್ಕ ಕ್ಯಾಂಟೀನಿಗೆ ಓಡಿದರು. ಆದರೆ ಸುದ್ದಿ ಅವರಿಗಿಂತ ಮೊದಲು ತಲುಪಿತ್ತು. ಅವರು "ಕಿನ್ನಿಯಕ್ಕ, ನಿರೀಕ್ಷಾ ಮೇಡಮಿಗೆ ಬೇಗ ಒಂದು ಬಾಟಲಿ ತೆಳಿ" ಎಂದದ್ದೇ ತಡ, ಕ್ಯಾಂಟೀನಿನ ಕಿನ್ನಿಯಕ್ಕ "ನನಗೆ ಗೊತ್ತುಂಟು, ಗೊತ್ತುಂಟು" ಎಂದು ಒಳಗೆ ಹೋಗಿ ಬಾಟಲಿ ತುಂಬಿ ತಂದರು. ಬೆಲ್ ಹೊಡೆಯಿತು. ನಿರೀಕ್ಷಾ ಅದನ್ನು ಕಣ್ಣೆತ್ತಿಯೂ ನೋಡದೆ ತೆಗೆದುಕೊಂಡು ಕ್ಲಾಸಿಗೆ ನಡೆದಳು.

ಹಿಂದಿನ ಬೆಂಚಿನಲ್ಲಿ ರೂಪೇಶ್ ಸರ್ ಕೂತಾಗಿತ್ತು. ದುಬೈಯಲ್ಲಿ ಬಹಳ ಕಾಲ ಇದ್ದು ಬಂದವರು. ಅತ್ತರಿನ ಪರಿಮಳ ಅವರಿಗಿಂತ ಮುಂದಿನ ಎರಡು ಬೆಂಚುಗಳಲ್ಲೂ ಕೂತಿತ್ತು. ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಮುಮ್ತಾಝ್ ಮೇಡಂ. ಬಾಗಿಲಲ್ಲಿ ಜಯಕ್ಕ.

ಮೇಜಿನ ಮೇಲಿದ್ದ ದ್ರಾವಣದ ಬಾಟಲಿಗಳನ್ನು ನಿರೀಕ್ಷಾ ಮುಟ್ಟಿದಳು, ಬೆಚ್ಚಿದಳು. ಮಂಜುಗಡ್ಡೆಯಂತೆ ತಣ್ಣಗಿದ್ದವು. ತಲೆಯೆತ್ತಿದರೆ ಮುಮ್ತಾಝ್ ಮೇಡಂ ಹಿಂದಿನಿಂದ ಹೆಮ್ಮೆಯಿಂದ ಕೈಸನ್ನೆ ಮಾಡುತ್ತಿದ್ದರು: ಸೆಕೆಗೆ ಹಾಳಾದೀತೆಂದು ನಾನೇ ಫ್ರಿಜ್ಜಿನಲ್ಲಿ ಇಟ್ಟಿದ್ದೆ.

ಹತ್ತು ಡಿಗ್ರಿ ತಣ್ಣಗಾದರೆ ಕ್ರಿಯೆಯ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ಅವಳೇ ನಿನ್ನೆ ಬೋರ್ಡಿನಲ್ಲಿ ಬರೆದದ್ದು. ಆದರೆ "ಸರ್, ಸ್ವಲ್ಪ ಕಾಯುವ" ಎನ್ನಲು ಬಾಯಿ ಬರಬೇಕಲ್ಲ. ಬೆರೆಸಿದಳು.

"ಕ್ರಿಯೆಗಳು ಒಂದೇ ವೇಗದಲ್ಲಿ ನಡೆಯುವುದಿಲ್ಲ," ಎಂದು ಶುರು ಮಾಡಿದಳು. ನಾಲ್ಕು ಮಾತೂ ಆದವು. "ಈಗ ನೋಡಿ."

ಎಲ್ಲರೂ ನೋಡಿದರು. ಬೀಕರ್ ಮಳೆನೀರಿನ ಹಾಗೆ ತೆಪ್ಪಗಿತ್ತು.

ಫ್ಯಾನಿನ ಸದ್ದು ಕೇಳಿಸಿತು. ರೂಪೇಶ್ ಸರ್ ಕಾಲಿನ ಮೇಲಿನ ಕಾಲನ್ನು ಇಳಿಸಿದರು. ಬೀಕರಿನ ಮೈಯೂ ನಿರೀಕ್ಷಾಳ ಹಣೆಯೂ ಒಟ್ಟಿಗೆ ಬೆವರಿದವು. ಅಷ್ಟರಲ್ಲಿ ಬೀಕರಿನ ತಳದಿಂದ ಏನೋ ಬಿಳಿಯಾಗಿ, ನಿಧಾನಕ್ಕೆ, ಯಾರ ಹಂಗೂ ಇಲ್ಲದೆ ಮೇಲೆ ಬಂತು.

ಲಿಂಬೆಯ ಬೀಜ.

ಕೆಮಿಕಲ್ ಕುಡಿದವಳ ವಿಷ ಇಳಿಯಲೆಂದು ಕಿನ್ನಿಯಕ್ಕ ಲಿಂಬೆ ಹಿಂಡಿದ್ದಾರೆ! ಲಿಂಬೆಯ ವಿಟಮಿನ್ ಸಿ ಕೂಡ ಅಯೋಡಿನ್ನನ್ನು ತಿನ್ನುತ್ತದೆ. ಅದು ಮುಗಿಯುವವರೆಗೆ ನೀಲಿ ಇಲ್ಲ. ಎಷ್ಟು ಹಿಂಡಿದ್ದಾರೋ, ಯಾವಾಗ ಮುಗಿಯುತ್ತದೋ, ಮುಗಿಯುತ್ತದೋ ಇಲ್ಲವೋ. ಹೇಳಬೇಕಾದ ಮಾತೆಲ್ಲ ಖರ್ಚಾಗಿತ್ತು.

"ಎಂತ ಮೇಡಂ?" ಎಂದರು ರೂಪೇಶ್ ಸರ್. "ಆಗ್ಲಿಕ್ಕುಂಟಾ ಏನಾದ್ರೂ?"

"ಉಂಟು ಸರ್." ಅವಳ ಗಂಟಲಿನಿಂದ ಯಾರದೋ ಸ್ವರ ಹೊರಟಿತು. "ಅದಕ್ಕೆ ಮೊದಲು... ಕ್ರಿಯೆಯ ಆರ್ಡರ್ ಅಂದ್ರೆ ಎಂತ ಅಂತ ತಿಳ್ಕೊಳ್ಳುವ. ವಸ್ತು ಎಷ್ಟು ಉಂಟು ಅನ್ನುದಕ್ಕೂ ಸ್ಪೀಡಿಗೂ ಇರುವ ಸಂಬಂಧ ಅದು."

ಮೊದಲ ಬೆಂಚಿನ ಮನ್ವಿತಾ ಪೆನ್ನಿನ ಮುಚ್ಚಳ ತೆಗೆದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

"ಝೀರೋ ಆರ್ಡರ್. ಬಲ್ಮಠದಲ್ಲಿ ಯಾವುದೋ ಆಫೀಸಿನ ಕೌಂಟರಿಗೆ ಹೋಗ್ತೀರಿ. ಎದುರು ಒಬ್ಬರು ನಿಂತರೂ ಅದೇ ಸ್ಪೀಡು, ಲೈನು ರಸ್ತೆಗೆ ಬಂದರೂ ಅದೇ ಸ್ಪೀಡು. ಕಾಯುವವರು ಎಷ್ಟು ಮಂದಿ ಅಂತ ಕೌಂಟರಿನವರಿಗೆ ಬಿದ್ದೇ ಹೋಗಿಲ್ಲ. ಅದು ಝೀರೋ ಆರ್ಡರ್."

ಯಾರೋ ಕಿಸಕ್ಕೆಂದರು. ಅವಳು ಓರೆಗಣ್ಣಿನಲ್ಲಿ ಬೀಕರ್ ನೋಡಿದಳು. ನೀರು.

"ಫಸ್ಟ್ ಆರ್ಡರ್. ಸ್ಟಾಫ್ ರೂಮಿಗೆ ಒಂದು ಪ್ಲೇಟ್ ಗೋಳಿಬಜೆ ಬರ್ತದೆ. ತುಂಬ ಇರುವಾಗ ತುಂಬ ಬೇಗ ಹೋಗ್ತದೆ. ಕಡಿಮೆ ಆದ ಹಾಗೆ ಮರ್ಯಾದೆ ಬರ್ತದೆ. 'ನಂಗೆ ಸಾಕು, ನೀವು ತಗೊಳ್ಳಿ.' ಕೊನೆಗೆ ಒಂದು ಉಳೀತದೆ. ಅದನ್ನು ಯಾರೂ ಪೂರ್ತಿ ತಗೊಳ್ಳುದಿಲ್ಲ. ಒಬ್ಬರು ಅರ್ಧ ಮುರೀತಾರೆ. ಮತ್ತೊಬ್ಬರು ಉಳಿದ ಅರ್ಧದಲ್ಲಿ ಅರ್ಧ. ಸಂಜೆ ಜಯಕ್ಕ ಪ್ಲೇಟ್ ತೊಳೆಯುವಾಗಲೂ ಒಂದು ಚೂರು ಉಂಟು. ಹಾಫ್ ಲೈಫ್ ಅಂದ್ರೆ ಅದು. ಮುಗಿಯುವುದೇ ಇಲ್ಲ."

ಬಾಗಿಲಿನಿಂದ ಜಯಕ್ಕ "ಸತ್ಯ, ಸತ್ಯ" ಎಂದರು. ಕ್ಲಾಸು ಘೊಳ್ಳೆಂದಿತು. ರೂಪೇಶ್ ಸರ್ ಮೀಸೆಯೊಳಗೆ ನಕ್ಕರು. ಬೀಕರ್ ಮಾತ್ರ ನಗಲಿಲ್ಲ.

"ಸೆಕೆಂಡ್ ಆರ್ಡರ್," ಎಂದಳು. "ಇದಕ್ಕೆ ಇಬ್ಬರು ಬೇಕು. ಹೇಳುವವರು ಒಬ್ಬರು, ಕೇಳುವವರು ಒಬ್ಬರು, ಇಬ್ಬರೂ ಡಿಕ್ಕಿ ಹೊಡೀಬೇಕು. ಎರಡೂ ಕಡೆ ಜನ ಡಬ್ಬಲ್ ಆದ್ರೆ ಸ್ಪೀಡು ನಾಲ್ಕು ಪಟ್ಟು. ಇವತ್ತು ಬೆಳಿಗ್ಗೆ ನಾನು ಒಂದು ಲೋಟ ಗಂಜಿ ತೆಳಿ ಕುಡಿದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಅದು ಕೆಮಿಕಲ್ ಆಯ್ತು."

"ಆ್ಯಸಿಡ್ ಅಂತ ಹೇಳಿದ್ರು ಮೇಡಂ!" ಎಂದ ನಡುಬೆಂಚಿನ ಝಿಯಾದ್.

"ನಂಗೆ ಆಂಬುಲೆನ್ಸ್ ಹೋಯ್ತು ಅಂತ ಬಂತು," ಎಂದಳು ಮನ್ವಿತಾ.

"ನೋಡಿ. ನಾನು ಇಲ್ಲೇ ಇದ್ದೇನೆ, ಸುದ್ದಿ ಆಸ್ಪತ್ರೆಗೆ ಮುಟ್ಟಿದೆ."

ಕಿಟಕಿ ಗಾಜು ಅದುರುವ ಹಾಗೆ ನಗು. ಮುಮ್ತಾಝ್ ಮೇಡಂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆ ಬಾಗಿಲಲ್ಲಿ ಡಿಕ್ಕಿ ಹೊಡೆಸಿದವರು ಯಾರೆಂದು ಅವರಿಗೆ ಹೊಳೆದಂತಿರಲಿಲ್ಲ. ನಿರೀಕ್ಷಾಳಿಗೆ ನಗು ಕೇಳಿಸಲೇ ಇಲ್ಲ. ಒಳಗೆ ಹುಡುಕಿದಳು. ಥರ್ಡ್ ಆರ್ಡರಿಗೆ ಉದಾಹರಣೆ ಇರಲಿಲ್ಲ. ಮಾತಿನ ಮಡಕೆ ತಳ ಕಂಡಿತ್ತು. ನಗು ತಗ್ಗಿತು. ಫ್ಯಾನಿನ ಸದ್ದು ಮತ್ತೆ ಕೇಳಿಸಿತು. ಎಲ್ಲ ಕಣ್ಣುಗಳೂ ಬೀಕರಿನ ಕಡೆ ತಿರುಗಿದವು.

ಇನ್ನು ಒಪ್ಪಿಕೊಂಡುಬಿಡುವುದೇ ಮರ್ಯಾದೆ. ಬೀಕರನ್ನು ಬದಿಗೆ ಸರಿಸಲೆಂದು ಬೆರಳು ಚಾಚಿ, "ಸರ್, ಇದು..." ಎಂದಳು.

ಬೆರಳು ಗಾಜಿಗೆ ತಾಗಿತೋ ಇಲ್ಲವೋ, ಬೀಕರ್ ಒಮ್ಮೆಗೇ ಕಡುನೀಲಿಯಾಯಿತು.

ಆಮೇಲೆ ಚಪ್ಪಾಳೆ, ಬೆಂಚು ಬಡಿತ, ಶಿಳ್ಳೆ. ರೂಪೇಶ್ ಸರ್ ಎದ್ದು ನಿಂತಿದ್ದರು.

"ಮುಟ್ಟಿದ್ರು, ಬಂತು! ಎಷ್ಟು ಹೊತ್ತು ಬೇಕಾದ್ರೂ ಹಿಡಿದಿಟ್ಟು, ಬೇಕಾದಾಗ ಬಿಡುದು. ಎಂತ ಕಂಟ್ರೋಲ್ ಮಾರಾಯ್ರೆ ನಿಮ್ಮದು!"

"ಅದು ಕಂಟ್ರೋಲ್ ಅಲ್ಲ ಸರ್..."

"ನಾಚಿಕೆ ಅವಳಿಗೆ," ಎಂದರು ಮುಮ್ತಾಝ್ ಮೇಡಂ. "ಹೊಗಳಿದ್ರೆ ಆಗುದಿಲ್ಲ."

"ಹುದ್ದೆ ನಿಮ್ಮದೇ," ಎಂದರು ರೂಪೇಶ್ ಸರ್. ನಿರೀಕ್ಷಾಳ ಕಣ್ಣಿಗೆ ನೀರು ಬಂತು. ಅದು ಕೆಳಗೆ ಬೀಳುವ ಮೊದಲೇ ಅವರು ಮುಂದುವರಿಸಿದರು. "ಆದ್ರೆ ಹೀಗೆ ಸುಮ್ಮನೆ ಕೊಡುದು ಬೇಡ. ಹೊಸ ಬ್ಲಾಕಿನ ಉದ್ಘಾಟನೆ ಉಂಟಲ್ಲ, ಅಲ್ಲಿ ಕೊಡುವ. ಟೇಪು ಕತ್ತರಿಸುದು, ದೀಪ ಹಚ್ಚುದು ಎಲ್ಲ ಹಳತಾಯ್ತು. ಸ್ಟೇಜಿನ ಮೇಲೆ ಒಂದು ದೊಡ್ಡ ಗಾಜಿನ ಪಾತ್ರೆ. ಮುಖ್ಯ ಅತಿಥಿಗಳು ಬಂದು ಬೆರಳು ಮುಟ್ಟಿಸುವಾಗ ನೀಲಿ ಆಗ್ಬೇಕು. ಆದ ಕೂಡ್ಲೇ ನಿಮ್ಮ ನೇಮಕದ ಆರ್ಡರ್ ಅವರ ಕೈಯಿಂದಲೇ. ಅಲ್ಲಿವರೆಗೆ ಈಗಿನ ಹಾಗೇ ನಡೀಲಿ."

"ಸರ್, ಆಗದಿದ್ರೆ?"

"ಅವಳಿಗೆ ಅದೆಲ್ಲ ನೀರು ಕುಡಿದ ಹಾಗೆ," ಎಂದು ಮುಮ್ತಾಝ್ ಮೇಡಂ ಅವಳ ಪರವಾಗಿ ಒಪ್ಪಿಕೊಂಡುಬಿಟ್ಟರು.

ನಿರೀಕ್ಷಾ ಕ್ಯಾಂಟೀನಿಗೆ ಓಡಿದಳು. "ಕಿನ್ನಿಯಕ್ಕ, ಲಿಂಬೆ ಎಷ್ಟು ಹಾಕಿದ್ರಿ?"

"ಲೆಕ್ಕ ಯಾರು ಇಟ್ಟಿದ್ದಾರೆ ಮೇಡಂ?" ಕಿನ್ನಿಯಕ್ಕ ಕೈ ಒರೆಸಿಕೊಂಡರು. "ತಲೆ ತಿರುಗಿದೆ ಅಂದಾಗ ಒಂದು ಹೋಳು. ಆ್ಯಸಿಡ್ ಅಂದಾಗ ಇನ್ನೊಂದು. ಆಂಬುಲೆನ್ಸ್ ಅಂತ ಕೇಳಿದ ಮೇಲೆ ನಂಗೆ ಕೈ ಕಾಲೇ ಆಡ್ಲಿಲ್ಲ, ಎಷ್ಟು ಹಿಂಡಿದೆ ಅಂತ ದೇವರಿಗೇ ಗೊತ್ತು. ಈಗ ಹೇಗುಂಟು, ವಾಂತಿ ಆಯ್ತಾ?"

ಮೂಲೆಯ ಮೇಜಿನಲ್ಲಿ ರೂಪೇಶ್ ಸರ್ ಚಹಾ ಕುಡಿಯುತ್ತಿದ್ದರು. ಒಂದೇ ಒಂದು ಆಸೆ ಉಳಿದಿತ್ತು. ಹೊತ್ತು ನಿಖರವಾಗಿ ಗೊತ್ತಾದರೆ, ಹಗಲೂ ರಾತ್ರಿ ಅಳೆದು ಸುರಿದು ಹೇಗಾದರೂ ಹೊಂದಿಸಬಹುದು. ಹುಟ್ಟಿದ ಮೇಲೆ ಮೊದಲ ಬಾರಿಗೆ ನಿರೀಕ್ಷಾ ತಾನಾಗಿಯೇ ಒಬ್ಬ ದೊಡ್ಡ ಮನುಷ್ಯರ ಮೇಜಿನ ಎದುರು ಹೋಗಿ ನಿಂತಳು.

"ಸರ್, ಮುಖ್ಯ ಅತಿಥಿಗಳು ಸರಿಯಾಗಿ ಎಷ್ಟು ಹೊತ್ತಿಗೆ ಬರ್ತಾರೆ?"

ರೂಪೇಶ್ ಸರ್ ಗ್ಲಾಸು ಕೆಳಗಿಟ್ಟು ಮನಸಾರೆ ನಕ್ಕರು.

"ಅವರು ಬರುವಾಗ ಬರ್ತಾರೆ ಮಾರಾಯ್ರೆ, ನೀವು ಬೆಳಿಗ್ಗೆಯೇ ಬೆರೆಸಿ ರೆಡಿ ಇಟ್ಟುಬಿಡಿ."